ಮಲಗಿದ ರಾಕ್ಷಸನಿಗೆ ಬಹುಮಾನ

"ಇದನ್ನು ಮಾಡಿದ ನಿಮ್ಮ ಯಜಮಾನರು ಎಲ್ಲಿ?" ಎಂದು ತೀರ್ಪುಗಾರರು ನನ್ನ ಟೇಬಲ್ ಮುಂದೆ ಬಗ್ಗಿ ನಿಂತು ಕೇಳಿದರು.

ಅದು ಎಪ್ಪತ್ತರ ದಶಕ. ವಿದೇಶದಲ್ಲಿ ನಾವು ನೆಲೆಸಿದ್ದ ವಾರೆನ್ ಎಂಬ ಊರಿನ ಶಾಲೆಯೊಂದರಲ್ಲಿ ಪುಟಾಣಿ ಮಾಡೆಲ್‌ಗಳ ಸ್ಪರ್ಧೆ ನಡೆದಿತ್ತು. ಟೇಬಲ್ ಮೇಲೆ ನಾನು ಪ್ಲಾಸ್ಟರ್‌ನಿಂದ ಮಾಡಿದ ರಾಕ್ಷಸ ಅಂಗಾತ ಮಲಗಿದ್ದ. ಆಟದ ರೈಲಿನ ಸೆಟ್‌ನಿಂದ ತಂದ ಉಗುರುದ್ದದ ಜನ ಅವನ ಹೊಟ್ಟೆಗೆ ಏಣಿ ಹಾಕಿ, ಕಿವಿಯ ಹತ್ತಿರ ಕಾರು ನಿಲ್ಲಿಸಿ, ಅವನನ್ನು ಎಬ್ಬಿಸಲು ಒದ್ದಾಡುತ್ತಿದ್ದರು.

ಕಾರ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ನಮ್ಮ ಯಜಮಾನರು ಪಕ್ಕದ ಕುರ್ಚಿಯಲ್ಲೇ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ನಾನು ಅವರತ್ತ ಕೈ ತೋರಿಸಿದೆ. ಅದೇ ಮೂಗು, ಅದೇ ಮಡಿಕೆ ಬಿದ್ದ ಗದ್ದ, ಅದೇ ಹೊಟ್ಟೆ. ತೀರ್ಪುಗಾರರು ರಾಕ್ಷಸನನ್ನೊಮ್ಮೆ, ಇವರನ್ನೊಮ್ಮೆ ನೋಡಿ ದನಿ ತಗ್ಗಿಸಿದರು. "ಓಹ್, ಹಾಗಾದರೆ ಮಾಡಿದವರು ನೀವು."

ಅವರು ಮೊದಲ ಬಹುಮಾನದ ನೀಲಿ ರಿಬ್ಬನ್ ಅಂಟಿಸಿ ಹೋದ ಮೇಲೆ ಇವರು ಎಚ್ಚರಗೊಂಡು ರಾಕ್ಷಸನನ್ನು ದಿಟ್ಟಿಸಿದರು. "ಈ ಮುಖ ಎಲ್ಲೋ ನೋಡಿದೀನಲ್ಲ ಕಣೇ."

ಆ ರಾಕ್ಷಸ ಈಗಲೂ ನಮ್ಮ ಬೇಸ್‌ಮೆಂಟಿನಲ್ಲಿ ಮಲಗಿದ್ದಾನೆ. ಅದು ನನ್ನ ಅಣ್ಣನ ಮುಖ ಅಂತ ಇವರು ಬಂದವರಿಗೆಲ್ಲ ಹೇಳುತ್ತಾರೆ. ಪಾಪ, ಮೈಸೂರಿನಲ್ಲಿರುವ ನನ್ನ ಅಣ್ಣ ಕಡ್ಡಿಯಂಥ ಮನುಷ್ಯ.