ದನಿ ನೋಡುತ್ತಿದ್ದವರು

ನ್ಯಾಮತಿ ಬಸ್‌ಸ್ಟ್ಯಾಂಡಿನ ಹಿಂದೆ ಮೈಕ್‌ಸೆಟ್ ರಿಪೇರಿ ಮಾಡುತ್ತಿದ್ದವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ವರ್ಷಗಟ್ಟಲೆ ಮೈಕಿನ ಹಾರ್ನುಗಳ ಪಕ್ಕ ಕೂತು ಹೋದ ಕಿವಿ ಅದು. "ಕಿವುಡ ಏನ್ ರಿಪೇರಿ ಮಾಡ್ತಾನೆ?" ಎಂದು ಗಿರಾಕಿಗಳು ದೂರವಾಗಿದ್ದರು.

ಅವರ ಬಳಿ ಗಾಜು ಬಿರುಕುಬಿಟ್ಟ ಒಂದು ಟ್ಯಾಬ್ ಇತ್ತು. ಅದಕ್ಕೆ ಸಿಕ್ಕಿಸುವ ಇಯರ್‌ಫೋನಿನ ವೈರು ಕತ್ತರಿಸಿ, ನಡುವೆ ರೆಸಿಸ್ಟರ್ ಸೇರಿಸಿ, ತುದಿಗೊಂದು ಸೂಜಿ ಬೆಸೆದಿದ್ದರು. ಸೂಜಿಯನ್ನು ಬೋರ್ಡಿಗೆ ತಾಗಿಸಿದರೆ ದನಿ ಪರದೆಯ ಮೇಲೆ ಅಲೆಯಾಗಿ ಓಡುತ್ತಿತ್ತು. ಯಾರು ಏನೇ ದೂರು ಹೇಳಹೊರಟರೂ ಅವರದ್ದು ಒಂದೇ ಮಾತು: "ಕೇಳಾದು ಆಮೇಲೆ, ಮೊದ್ಲು ನೋಡಾಣ."

ಧ್ವಜಾರೋಹಣದ ಹಿಂದಿನ ದಿನ ನಮ್ಮ ಶಾಲೆಯ ಆಂಪ್ಲಿಫೈಯರ್ ಕರಕರ ಎನ್ನತೊಡಗಿತು. ಎಲ್ಲರೂ ಬೇಡವೆಂದರೂ ನಾನು ಅವರಲ್ಲಿಗೇ ಹೊತ್ತೊಯ್ದೆ. ಅವರು ಮೊಬೈಲಿನಿಂದ ಅದಕ್ಕೆ ಒಂದೇ ಸಮನಾದ ದನಿ ಕೊಟ್ಟು, ಸೂಜಿಯನ್ನು ಬೋರ್ಡಿನುದ್ದಕ್ಕೂ ಸರಿಸಿದರು. ಒಂದು ಕಡೆ ಅಲೆಯ ನೆತ್ತಿ ಕೊಯ್ದಂತೆ ಚಪ್ಪಟೆಯಾಯಿತು. ಅಲ್ಲಿನ ಟ್ರಾನ್ಸಿಸ್ಟರ್ ಬದಲಿಸಿದೊಡನೆ ನೆತ್ತಿ ದುಂಡಗಾಯಿತು.

"ಒಂದ್ಸಲ ಹಾಡು ಹಾಕಿ" ಎಂದು ಸನ್ನೆ ಮಾಡಿದೆ. ಅವರು ಸ್ಪೀಕರ್ ಮುಟ್ಟಲೇ ಇಲ್ಲ.

"ತಗಂಡ್ ಹೋಗ್ರಿ ಮೇಷ್ಟ್ರೇ."

ಮರುದಿನ ಮಕ್ಕಳ ಹಾಡು ಮೈದಾನ ದಾಟಿ ಬಸ್‌ಸ್ಟ್ಯಾಂಡಿನವರೆಗೂ ಸ್ವಚ್ಛವಾಗಿ ಕೇಳಿಸಿತು. ಕಾರ್ಯಕ್ರಮ ಮುಗಿದದ್ದೇ ಅಂಗಡಿಗೆ ಓಡಿದೆ. ಅವರೆದುರು ನಿಂತು, ತುಟಿ ಕಾಣುವಂತೆ, "ಭಾಳ ಚೆನ್ನಾಗಿ ಬಂತ್ರಿ" ಎಂದೆ.

ಬೋರ್ಡಿನಿಂದ ತಲೆಯೆತ್ತಿ ನಕ್ಕರು. "ಅದನ್ನ ನಾನು ನಿನ್ನೆನೇ ನೋಡಿದ್ನಲ್ರಿ."