ಭೀಮನ ಅಮಾವಾಸ್ಯೆಯ ಬಾರ್ಬೆಕ್ಯೂ

ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಕೊಡಬೇಕಾದವಳು ನನ್ನ ಹೆಂಡತಿ, ನಿದ್ದೆಗೆಟ್ಟವನು ನಾನು. ಮೈಸೂರಿನ ಒಂದು ಕಾಲೇಜಿನವರು ಅವಳಿಗೆ ಭೌತಶಾಸ್ತ್ರದ ಉಪನ್ಯಾಸಕಿಯ ಕೆಲಸ ಕೊಡುತ್ತೇವೆ, ಬರುತ್ತೀರೋ ಇಲ್ಲವೋ ತಿಳಿಸಿ ಎಂದು ಮೇಲ್ ಕಳಿಸಿದ್ದರು. ಮೇಲ್ ಬಂದ ದಿನ ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಓದಿ, ಒಳ್ಳೆಯದಾಯ್ತಲ್ಲ ಎಂದು ವಾಪಸ್ ಕೊಟ್ಟೆ. ಇನ್ನೇನಾದರೂ ಹೇಳುತ್ತೇನೇನೋ ಎಂದು ಅವಳು ಸ್ವಲ್ಪ ಹೊತ್ತು ನಿಂತಿದ್ದಳು. ನಾನು ಗ್ಯಾಸ್ ಬುಕ್ ಮಾಡಿದ್ದೀಯಾ ಎಂದು ಕೇಳಿದೆ.

ಅವಳು ಹೋಗಿಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಗಿತ್ತು. ಅದನ್ನು ಅವಳಿಗೆ ಹೇಳುವುದು ಬಿಟ್ಟು ಮಿಕ್ಕ ಎಲ್ಲ ಕೆಲಸಕ್ಕೂ ನಾನು ತಯಾರಿದ್ದೆ. ನನ್ನ ಸ್ವಭಾವವೇ ಹಾಗೆ. ಸುಮ್ಮನೆ ಕೂತು ಎರಡು ಮಾತಾಡು ಎಂದರೆ ಮೈಮೇಲೆ ಇರುವೆ ಬಿಟ್ಟಂತೆ ಆಡುತ್ತೇನೆ. ಏನಾದರೂ ಹೊತ್ತು ತಾ, ಯಾರನ್ನಾದರೂ ಕರೆದು ತಾ ಎಂದರೆ ಕಾಲಿಗೆ ಚಕ್ರ ಕಟ್ಟಿಕೊಂಡು ಓಡುತ್ತೇನೆ.

ನಾನು ಮರಾಠಿ ನಾಡಿನ ಈ ಐರೋಲಿಗೆ ಬಂದು ಆರು ವರ್ಷವಾಗಿತ್ತು, ಅವಳು ಮದುವೆಯಾಗಿ ಬಂದು ಎರಡು. ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ನಿಂತರೆ ನನ್ನ ಆಫೀಸಿನ ಗಾಜಿನ ಗೋಡೆ ಕಾಣುತ್ತದೆ. ಅವಳಿಗೆ ಅದೇ ಬಾಲ್ಕನಿಯಿಂದ ಕಾಣುತ್ತಿದ್ದದ್ದೂ ನನ್ನ ಆಫೀಸೇ. ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು ಇಲ್ಲಿ ಲ್ಯಾಪ್‌ಟಾಪ್ ಎದುರು ಕೂತು ಯಾರೋ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಪಕ್ಕದ ಮನೆಯವರು ಒಳ್ಳೆಯವರೇ, ಆದರೆ ಅವರ ಮರಾಠಿ ಓಡುವ ಸ್ಪೀಡಿಗೆ ಇವಳ ಹಿಂದಿ ಏದುಸಿರು ಬಿಡುತ್ತಿತ್ತು. ಒಂದು ಸಲ ಅವಳೇ ಹೇಳಿದ್ದಳು, ಈ ಊರಲ್ಲಿ ತನ್ನನ್ನು ಹೆಸರು ಹಿಡಿದು ಕರೆಯುವವನು ನಾನೊಬ್ಬನೇ ಎಂದು. ಹೇಳುವಾಗ ನಗುತ್ತಿದ್ದಳು, ಹಾಗಾಗಿ ನಾನೂ ನಕ್ಕಿದ್ದೆ.

ಈಗ ಆ ಮಾತು ನೆನಪಾಗಿ, ಇಷ್ಟೇ ತಾನೆ ತೊಂದರೆ, ಹೆಸರು ಹಿಡಿದು ಕರೆಯಲು ನಾಲ್ಕು ಜನ ಬೇಕು, ಕರೆಸಿದರಾಯಿತು ಎಂದು ತೀರ್ಮಾನಿಸಿದೆ. ಭಾನುವಾರ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಬಾರ್ಬೆಕ್ಯೂ. ಆಫೀಸಿನವರು, ಅವರ ಹೆಂಡತಿ ಮಕ್ಕಳು, ಒಟ್ಟು ಹನ್ನೊಂದು ಜನ. ಸೋಮವಾರ ಬೆಳಿಗ್ಗೆ ಉತ್ತರ ಬರೆಯಲು ಕೂತಾಗ ಅವಳಿಗೆ ಹಿಂದಿನ ದಿನದ ನಗು ಕಿವಿಯಲ್ಲಿರಬೇಕು. ಇದು ನನ್ನ ಪ್ಲ್ಯಾನ್. ಇದನ್ನೂ ಅವಳಿಗೆ ಹೇಳಲಿಲ್ಲ. ಭಾನುವಾರ ಫ್ರೆಂಡ್ಸ್ ಬರ್ತಾರೆ ಅಂದೆ ಅಷ್ಟೆ. ಅವಳು ಹ್ಞೂಂ ಅಂದಳು.

ಭಾನುವಾರ ಎಂದು ನಿಗದಿ ಮಾಡಿದವನು ಪಕ್ಕದ ಊರು ಠಾಣೆಯಲ್ಲಿರುವ ನನ್ನ ಮರಾಠಿ ಸಹೋದ್ಯೋಗಿ. ಅವನ ಬಳಿ ಗ್ರಿಲ್ ಇತ್ತು, ಉತ್ಸಾಹ ಅದಕ್ಕಿಂತ ಹೆಚ್ಚು ಇತ್ತು. ಆ ಭಾನುವಾರವೇ ಗಟಾರಿ, ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದ. ಇಲ್ಲಿಯವರಿಗೆ ಗಟಾರಿ ಎಂದರೆ ಶ್ರಾವಣ ಹಿಡಿಯುವ ಮುಂಚಿನ ಕೊನೆಯ ಬಾಡೂಟ. ಮಾರನೆಯ ದಿನದಿಂದ ತಿಂಗಳಿಡೀ ಬಾಯಿಗೆ ಬೀಗ, ಅದಕ್ಕೇ ಅವತ್ತು ಕೋಳಿ ಅಂಗಡಿಯ ಮುಂದೆ ರೇಷನ್ ಅಂಗಡಿಯಂಥ ಕ್ಯೂ. ಆರು ವರ್ಷ ಇವರ ಜೊತೆ ಗಟಾರಿ ತಿಂದವನು ನಾನು. ಅದೊಂದು ಆಫೀಸಿನ ಪಾರ್ಟಿಯ ಹೆಸರು ಎಂದಷ್ಟೇ ನನಗೆ ಗೊತ್ತಿತ್ತು. ಅದು ಯಾವ ತಿಥಿ ಎಂದು ಯಾವತ್ತೂ ಕೇಳಿರಲಿಲ್ಲ.

ಶನಿವಾರ ಸಂಜೆ ನಾಲ್ಕು ಕೇಜಿ ಕೋಳಿ, ಮೊಸರು, ಮಸಾಲೆ, ಕಡ್ಡಿಗಳು ಎಲ್ಲ ಹೊತ್ತುಕೊಂಡು ಬಂದೆ. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಎರಡು ದೀಪದ ಕಂಬಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಪಕ್ಕದಲ್ಲಿ ಅರಿಸಿನದ ದಾರ. ನನ್ನ ಕೈಯಲ್ಲಿದ್ದ ಕಪ್ಪು ಪ್ಲಾಸ್ಟಿಕ್ ಚೀಲವನ್ನು ನೋಡಿ, ಅದನ್ನು ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಇಟ್ಟು ಬನ್ನಿ ಎಂದಳು. ಯಾಕೆ ಅಂದೆ.

"ನಾಳೆ ಭೀಮನ ಅಮಾವಾಸ್ಯೆ ಕಣ್ರೀ," ಎಂದಳು.

ನಮ್ಮದು ಮಡಿ ಮೈಲಿಗೆಯ ಮನೆಯೇನಲ್ಲ, ಭಾನುವಾರ ಬಂದರೆ ಕೋಳಿ ಬೇಯುವ ಮನೆಯೇ. ಆದರೆ ಭೀಮನ ಅಮಾವಾಸ್ಯೆ ಬೇರೆ. ಮದುವೆಯಾದವಳು ಒಂಬತ್ತು ವರ್ಷ ಬಿಡದೆ ಹಿಡಿಯುವ ವ್ರತ. ಗಂಡನ ಪಾದ ತೊಳೆದು ಪೂಜೆ ಮಾಡುವ ದಿನ. ಅವತ್ತು ಮನೆಯಲ್ಲಿ ಮೊಟ್ಟೆ ಒಡೆಯುವಂತಿಲ್ಲ. ಹಿಂದಿನ ವರ್ಷ ಅದು ಕೆಲಸದ ದಿನ ಬಂದಿತ್ತು. ನಾನು ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟು ಪಾದ ತೊಳೆಸಿಕೊಂಡು ಸಾಕ್ಸ್ ಹಾಕಿಕೊಂಡು ಓಡಿದ್ದೆ. ಇವರ ಗಟಾರಿಯೂ ನಮ್ಮ ಭೀಮನ ಅಮಾವಾಸ್ಯೆಯೂ ಒಂದೇ ದಿನ ಎಂದು ನನಗೆ ಹೊಳೆದದ್ದು ಆ ಚೀಲ ಹಿಡಿದು ನಿಂತಾಗ. ಹೆಂಡತಿಯನ್ನು ಉಳಿಸಿಕೊಳ್ಳಲು ಹೋಗಿ, ಅವಳು ನನ್ನ ಕಾಲಿಗೆ ಹೂವಿಡುವ ದಿನವೇ ನಾಲ್ಕು ಕೇಜಿ ಕೋಳಿ ತಂದಿದ್ದೆ.

ಕ್ಯಾನ್ಸಲ್ ಮಾಡುತ್ತೇನೆ ಎಂದೆ. ಅವಳು ಬೇಡ ಎಂದಳು. ಕರೆದವರನ್ನು ಬರಬೇಡಿ ಅನ್ನುವುದು ಚೆನ್ನಾಗಿರುವುದಿಲ್ಲ, ಟೆರೇಸಿನಲ್ಲಿ ತಾನೆ, ಮನೆಯೊಳಗಲ್ಲವಲ್ಲ. ಆಮೇಲೆ ಕಂಬ ಉಜ್ಜುವುದನ್ನು ನಿಲ್ಲಿಸದೆ, "ನಾಳೆಯ ಶಾಸ್ತ್ರದಲ್ಲಿ ಎಣ್ಣೇಲಿ ಕರಿಯೋ ಹಾಗಿಲ್ಲ ಅಷ್ಟೆ. ಸುಡೋದರ ಬಗ್ಗೆ ಏನೂ ಹೇಳಿಲ್ಲ," ಎಂದಳು. ಅದು ತಮಾಷೆಯೋ ಕೋಪವೋ ತಿಳಿಯದೆ ನಾನು ಬಾಲ್ಕನಿಗೂ ಹಾಲಿಗೂ ಓಡಾಡಿದೆ. ಠಾಣೆಯವನಿಗೆ ಫೋನ್ ಮಾಡಿ ರೇಗಿದೆ. ಅವನು ಟೆನ್ಶನ್ ಮತ್ ಲೇ ಎಂದು ನಕ್ಕ. ಅವರ ಮನೆಯಲ್ಲೂ ಬೆಳಿಗ್ಗೆ ದೀಪದ ಪೂಜೆಯಂತೆ, ಸಂಜೆ ಕೋಳಿಯಂತೆ, ಎರಡಕ್ಕೂ ಜಗಳವೇ ಇಲ್ಲವಂತೆ. ಡೊಂಬಿವಿಲಿಯಿಂದ ಬರುವ ಆಫೀಸಿನ ಉಡುಪಿ ಗೆಳೆಯನಿಗೆ ಮಾಡಿದರೆ ಅವನದು ಇನ್ನೊಂದು ಕಥೆ. ಅವರಿಗೆ ಅದು ಆಟಿ ಅಮಾವಾಸ್ಯೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಾಲೆಮರದ ಕೆತ್ತೆಯ ಕಹಿ ಕಷಾಯ ಕುಡಿದರೆ ಅಲ್ಲಿಗೆ ವ್ರತ ಮುಗಿಯಿತು. ಎಲ್ಲರಿಗೂ ಅದೊಂದು ದಿನ ಸಲೀಸಾಗಿತ್ತು, ನನಗೊಬ್ಬನಿಗೆ ಬಿಟ್ಟು.

ಭಾನುವಾರ ಬೆಳಿಗ್ಗೆ ಮಳೆ ಹಿಡಿದಿತ್ತು. ಅವಳು ದೀಪದ ಕಂಬಗಳನ್ನು ಅಕ್ಕಿಯ ಮೇಲೆ ನಿಲ್ಲಿಸಿ ಪೂಜೆ ಮಾಡಿ, ಒಂಬತ್ತು ಗಂಟಿನ ದಾರ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಅವಳ ಬಲಗೈಗೆ ಕಟ್ಟಿದೆ. ಗಂಟು ಎರಡು ಸಲ ಜಾರಿತು. ಆಮೇಲೆ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಪಾದ ತೊಳೆದಳು. ನೀರು ಬೆಚ್ಚಗಿತ್ತು. ಕಾಯಿಸಿ ತಂದಿದ್ದಳು. ಅರಿಸಿನ ಹಚ್ಚಿ, ಕುಂಕುಮವಿಟ್ಟು, ನಮಸ್ಕಾರ ಮಾಡಿ ಹಾಗೇ ಬಾಗಿದ್ದಳು, ನಾನು ಅಕ್ಷತೆ ಹಾಕಿ ಏನಾದರೂ ಹೇಳಲಿ ಎಂದು. ಹೋಗಬೇಡ ಎಂದು ಗಂಟಲವರೆಗೂ ಬಂತು. ಇಂಥ ಹೊತ್ತಿನಲ್ಲಿ ಕೇಳಿದರೆ ಅದು ವರ ಕೊಡುವ ಜಾಗದಲ್ಲಿ ಕೂತು ಭಿಕ್ಷೆ ಕೇಳಿದ ಹಾಗೆ ಎಂದು ನುಂಗಿಕೊಂಡೆ. ಒಳ್ಳೆಯದಾಗಲಿ ಎಂದೆ. ಅದೇ ಕಾಲಿನಲ್ಲಿ ಚಪ್ಪಲಿ ಮೆಟ್ಟಿ ಇದ್ದಿಲು ತರಲು ಹೊರಟೆ.

ಅವತ್ತು ನಮ್ಮ ಟ್ರಾನ್ಸ್ ಹಾರ್ಬರ್ ರೈಲು ಮಾರ್ಗದಲ್ಲಿ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ರೈಲು ಬಂದ್. ಹೊಸಬರು ಮಾತ್ರ ಭಾನುವಾರದ ರೈಲು ನಂಬುತ್ತಾರೆ, ಆರು ವರ್ಷವಾದರೂ ನಾನು ಆ ವಿಷಯದಲ್ಲಿ ಹೊಸಬನೇ. ಡೊಂಬಿವಿಲಿಯ ಗಂಡ ಹೆಂಡತಿ ಟ್ಯಾಕ್ಸಿ ಹಿಡಿದು ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕೂತು ಬಂದರು. ಅಷ್ಟರಲ್ಲಿ ಉಳಿದವರೆಲ್ಲ ಟೆರೇಸಿನ ತಗಡಿನ ಶೆಡ್ಡಿನ ಕೆಳಗೆ ಸೇರಿದ್ದರು. ಇದ್ದಿಲು ಹೊತ್ತಿಕೊಂಡಿರಲಿಲ್ಲ. ಠಾಣೆಯವನು ರಟ್ಟಿನಿಂದ ಬೀಸಿ ಬೀಸಿ ಸೋತಿದ್ದ. ನಾನು ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದೆ. ಎಂಜಿನಿಯರುಗಳೇ ಐದು ಜನ ಇದ್ದೆವು. ಒದ್ದೆ ಇದ್ದಿಲು ಹೊಗೆ ಬಿಡುತ್ತ ಎಲ್ಲರನ್ನೂ ಕೆಮ್ಮಿಸುತ್ತಿತ್ತು.

ನನ್ನ ಹೆಂಡತಿ ಜೋಳದ ತೆನೆಗಳ ಬುಟ್ಟಿ ಹಿಡಿದು ಮೇಲೆ ಬಂದವಳು ಒಂದು ನಿಮಿಷ ನೋಡಿದಳು. ಇದ್ದಿಲು ತಂದಿದ್ದ ಹಳೆಯ ಎಣ್ಣೆ ಡಬ್ಬವನ್ನು ಕೊಡಿ ಎಂದಳು. ಅದರ ತಳಕ್ಕೆ ಸ್ಕ್ರೂಡ್ರೈವರಿನಲ್ಲಿ ತೂತುಗಳನ್ನು ಹೊಡೆಸಿದಳು. ಎರಡು ಇಟ್ಟಿಗೆಯ ಮೇಲೆ ಡಬ್ಬ ನಿಲ್ಲಿಸಿ, ಒಳಗೆ ಇದ್ದಿಲು ತುಂಬಿಸಿ, ಕೆಳಗಿನ ಸಂದಿಗೆ ಪೇಪರ್ ತುರುಕಿ ಕಡ್ಡಿ ಗೀರಿದಳು. ಬಿಸಿಗಾಳಿ ಮೇಲೆ ಹೋದರೆ ತಣ್ಣನೆಯ ಗಾಳಿ ತಾನಾಗೇ ಕೆಳಗಿಂದ ನುಗ್ಗುತ್ತದೆ, ನೀವು ಊದುವುದನ್ನು ನಿಲ್ಲಿಸಿ ಎಂದು ಹಿಂದಿಯಲ್ಲಿ ಹೇಳಿದಳು. ಕ್ಲಾಸಿನಲ್ಲಿ ಹೇಳುವಂತೆ ನಿಧಾನವಾಗಿ, ತಡವರಿಸದೆ. ಇಪ್ಪತ್ತು ನಿಮಿಷಕ್ಕೆ ಡಬ್ಬದೊಳಗೆ ಕೆಂಡ ಕೆಂಪಗಾಗಿತ್ತು. ಮಕ್ಕಳು ಸುತ್ತ ಮುತ್ತಿಕೊಂಡು ಇದು ಹೇಗೆ, ಅದು ಹೇಗೆ ಎಂದು ಮರಾಠಿ ಹಿಂದಿಯಲ್ಲಿ ಕೇಳತೊಡಗಿದವು. ಅವಳು ಕೂತು ಉತ್ತರ ಹೇಳಿದಳು. ಎರಡು ವರ್ಷದಲ್ಲಿ ಅವಳ ಮುಖ ಅಷ್ಟು ಬಿಚ್ಚಿಕೊಂಡದ್ದನ್ನು ನಾನು ನೋಡಿರಲಿಲ್ಲ. ಗೆದ್ದೆ ಅಂದುಕೊಂಡೆ. ಮೂರ್ಖ, ಆ ಮುಖ ಯಾವುದಕ್ಕೆ ಬಿಚ್ಚಿಕೊಂಡಿತು ಎಂದು ನೋಡಲಿಲ್ಲ.

ಕೋಳಿ ಬೆಂದಿತು, ನಾನು ತಿನ್ನುವಂತಿರಲಿಲ್ಲ. ಪೂಜೆ ಮಾಡಿಸಿಕೊಂಡ ಪಾದವಲ್ಲವೇ. ಜೋಳದ ತೆನೆ ಕಡಿಯುತ್ತ ಅವಳನ್ನೇ ನೋಡುತ್ತಿದ್ದೆ. ಅವಳು ಡೊಂಬಿವಿಲಿಯವನ ಹೆಂಡತಿಯ ಜೊತೆ ನೀರಿನ ಟ್ಯಾಂಕಿನ ಪಕ್ಕ ಕೂತು ಮಾತಿಗೆ ಬಿದ್ದಿದ್ದಳು. ಒಬ್ಬರದು ಮೈಸೂರು ಕನ್ನಡ, ಇನ್ನೊಬ್ಬರದು ಕರಾವಳಿಯದು. ನಗುವಾಗ ಮಾತ್ರ ಇಬ್ಬರದೂ ಒಂದೇ. ಸಾಕಾಗುತ್ತದಾ, ಇಷ್ಟು ನಗು ನಾಳೆ ಬೆಳಗಿನವರೆಗೆ ಬರುತ್ತದಾ ಎಂದು ನನಗೆ ಒಳಗೊಳಗೇ ಚಡಪಡಿಕೆ. ಕೂತಲ್ಲಿ ಕೂರಲಾರದೆ ತಟ್ಟೆ ಹಿಡಿದು ಅವರ ಬಳಿಗೇ ಹೋದೆ.

ಗೆಳೆಯನ ಹೆಂಡತಿ ನನ್ನ ಕಡೆ ತಿರುಗಿ ಬಹಳ ಪ್ರೀತಿಯಿಂದ, "ಮನೆ ಎಲ್ಲಿ ನೋಡಿದ್ದು ಮೈಸೂರಲ್ಲಿ? ಕಾಲೇಜಿನ ಹತ್ತಿರವೇ ಸಿಕ್ಕಿದ್ರೆ ಒಳ್ಳೇದಲ್ವಾ?" ಎಂದು ಕೇಳಿದರು.

ನನ್ನ ಹೆಂಡತಿ ತಲೆ ಎತ್ತಲಿಲ್ಲ. ಎರಡು ಗಂಟೆಯ ಹಿಂದೆ ಪರಿಚಯವಾದವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಇನ್ನೂ ನೋಡಬೇಕು ಎಂದು ಹೇಳಿ ಪೇಪರ್ ನ್ಯಾಪ್‌ಕಿನ್ ತರುವ ನೆಪದಲ್ಲಿ ಅಲ್ಲಿಂದ ಜಾರಿಕೊಂಡೆ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ಆರು ಗಂಟೆಗೆಲ್ಲ ಎಲ್ಲರೂ ಹೊರಟರು. ಲಿಫ್ಟಿನ ಬಾಗಿಲಲ್ಲಿ ಮೂರು ಜನ ಅವಳನ್ನು ಹೆಸರು ಹಿಡಿದು ಕರೆದು ಬೈ ಹೇಳಿದರು. ನಾವಿಬ್ಬರೇ ಟೆರೇಸಿಗೆ ವಾಪಸ್ ಬಂದು ತಟ್ಟೆ ಎತ್ತತೊಡಗಿದೆವು. ಮಳೆ ನಿಂತಿತ್ತು. ಖಾಡಿಯ ಹಿನ್ನೀರು ದಾಟುವ ಸೇತುವೆಯ ಮೇಲೆ ಮುಲುಂಡಿನ ಕಡೆಗೆ ಗಾಡಿಗಳು ಒಂದರ ಹಿಂದೆ ಒಂದು ನಿಂತಿದ್ದವು.

ಕಾಲೇಜಿನವರಿಗೆ ಯಾವಾಗ ಬರೆದೆ ಎಂದು ಕೇಳಿದೆ. ಶುಕ್ರವಾರ ಎಂದಳು. ಸೋಮವಾರದವರೆಗೆ ಟೈಮಿತ್ತಲ್ಲ ಎಂದೆ. ನೀವು ಏನಾದರೂ ಹೇಳ್ತೀರಾ ಅಂತ ಒಂದು ವಾರ ಕಾದೆ, ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಕಬಾಬಿನ ಕಡ್ಡಿ ಬಿದಿರಿಂದು ತರೋದಾ ಸ್ಟೀಲಿಂದು ತರೋದಾ ಅಂತ ಕೇಳಿದಿರಿ, ಆಗ ಎದ್ದು ಹೋಗಿ ಬರೆದೆ ಎಂದಳು. ಸಿಟ್ಟಿರಲಿಲ್ಲ ಧ್ವನಿಯಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹೋಗಬೇಡ," ಎಂದೆ. ಕೊನೆಗೂ.

ಅವಳು ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟಳು. "ಈ ಒಂದು ಮಾತಿಗೆ ಹನ್ನೊಂದು ಜನರನ್ನ ಕರೀಬೇಕಿತ್ತಾ?"

ನಿನಗೆ ಇಲ್ಲಿ ಜನ ಬೇಕಿತ್ತು, ಅದಕ್ಕೆ ಎಂದೇನೋ ತೊದಲಿದೆ. ಜನ ಒಳ್ಳೆಯವರು, ಇವತ್ತು ನಿಜವಾಗಿ ಖುಷಿಯಾಯಿತು, ಇದನ್ನು ಎರಡು ವರ್ಷದ ಹಿಂದೆ ಮಾಡಬಹುದಿತ್ತು ಎಂದಳು. ತನಗೆ ಬೇಕಾಗಿದ್ದು ಕ್ಲಾಸು, ಆ ಮಕ್ಕಳು ಪ್ರಶ್ನೆ ಕೇಳಿದಾಗ ತನಗೆ ಹೇಗಾಯಿತು ಎಂದು ನಾನು ನೋಡಿದೆನಲ್ಲ ಎಂದಳು. ನೋಡಿದ್ದೆ. ಆಮೇಲೆ ಅವಳು ಹತ್ತಿರ ಬಂದು, ನಾನು ಇಷ್ಟು ದಿನ ಕೇಳಬೇಕಾಗಿದ್ದನ್ನು ತಾನೇ ಕೇಳಿದಳು. ಒಂದು ಫೋನಿಲ್ಲ, ಒಂದು ಗ್ರೂಪಿಲ್ಲ, ಗ್ರಿಲ್ಲಿಲ್ಲ, ಒಂದೇ ಉಸಿರಿನಲ್ಲಿ.

"ನೀವೂ ಬನ್ನಿ. ನನಗೆ ನೀವು ಬೇಕು. ಕೆಲಸ ಅಲ್ಲೂ ಸಿಗುತ್ತೆ. ಬರ್ತೀರಾ?"

ಬರುತ್ತೇನೆ ಎಂದು ಒಂದು ಪದ ಹೇಳಿದ್ದರೆ ಆಗುತ್ತಿತ್ತು. ಬರುವುದಿಲ್ಲ ಎಂದಿದ್ದರೂ ಅದೊಂದು ಉತ್ತರವಾಗುತ್ತಿತ್ತು. ಎದುರಿಗೆ ಆಫೀಸಿನ ಗಾಜಿನಲ್ಲಿ ದೀಪಗಳು ಹತ್ತುತ್ತಿದ್ದವು. ಅಕ್ಟೋಬರಿನಲ್ಲಿ ಪ್ರಮೋಷನ್ ಇದೆ ಎಂದು ಮ್ಯಾನೇಜರ್ ಹೇಳಿದ್ದು ತಲೆಗೆ ಬಂತು.

"ಅಪ್ರೈಸಲ್ ಮುಗೀಲಿ, ಆಮೇಲೆ ನೋಡೋಣ," ಎಂದೆ.

ಅವಳು ಸರಿ ಎಂದಳು. ತಟ್ಟೆಗಳನ್ನು ಎತ್ತಿಕೊಂಡು, ಮೆಟ್ಟಿಲು ಒದ್ದೆಯಾಗಿದೆ, ಹುಷಾರಾಗಿ ಇಳಿಯಿರಿ ಎಂದು ಹೇಳಿ ಮುಂದೆ ಹೋದಳು.