ಹಗ್ಗದ ಚೌಕದೊಳಗಿನ ಕಳೆ

ಗುರುಮಲ್ಲಮ್ಮ ಕೂತು ಎದ್ದ ಹೊಲದಲ್ಲಿ ಕಳೆ ಹುಡುಕೋಕೆ ಕನ್ನಡಕ ಬೇಕು ಅಂತ ತೆರಕಣಾಂಬಿ ಕಡೆಯ ಅರಿಸಿನದ ರೈತರು ಹೇಳುತ್ತಿದ್ದರು. ಮೂವತ್ತು ವರ್ಷದಿಂದ ಕಳೆ ಕಿತ್ತ ಕೈ ಅದು. ಅವಳ ಜೊತೆಗೆ ಹನ್ನೊಂದು ಹೆಂಗಸರು. ಯಾವತ್ತು ಯಾರ ಹೊಲ, ಎಷ್ಟು ದಿನದ ಕೆಲಸ ಅನ್ನೋದನ್ನೆಲ್ಲ ಒಪ್ಪಿಕೊಳ್ಳೋಳು ಇವಳೇ. ಬಾಯಿ ಮೊದಲೇ ಜೋರು, ಸಾಲಿನಲ್ಲಿ ಯಾರಾದರೂ ಒಂದು ಬೇರು ಬಿಟ್ಟು ಮುಂದೆ ಹೋದರಂತೂ ಕೇಳಲೇಬೇಡಿ.

ಈ ವರ್ಷ ನೀಲಕಂಠಸ್ವಾಮಿಯ ಎರಡೆಕರೆ ಅರಿಸಿನಕ್ಕೆ, ಮೊದಲ ಕಳೆ ಇವರೇ ಕಿತ್ತ ಮೇಲೆ, ಕಂಪ್ಯೂಟರ್ ಬಂತು. ಚಾಮರಾಜನಗರದ ಕಾವ್ಯಶ್ರೀ ಅನ್ನೋ ಹುಡುಗಿ, ಕೃಷಿ ಓದುತ್ತಿದ್ದವಳು, ಹೊಲದೊಳಗೆ ನಾಲ್ಕು ಕಡೆ ಗೂಟ ಹೊಡೆದು ಒಂದೊಂದು ಸಣ್ಣ ಹಗ್ಗದ ಚೌಕ ಕಟ್ಟಿದಳು. ಚೌಕದ ಫೋಟೋ ಕಳಿಸಿದರೆ ಸಾಕು, ಇಷ್ಟು ಕಳೆಯಿಂದ ಇಷ್ಟು ಅರಿಸಿನ ನಷ್ಟ, ಕೀಳಿಸೋ ಕೂಲಿ ಅದಕ್ಕಿಂತ ಹೆಚ್ಚೋ ಕಮ್ಮಿಯೋ ಅಂತ ಅವಳ ಕಂಪ್ಯೂಟರ್ ಲೆಕ್ಕ ಹಾಕಿ ಹೇಳುತ್ತದಂತೆ. ಚೌಕದೊಳಗೆ ಯಾರೂ ಕೈ ಹಾಕಬಾರದು ಅಂತ ನೀಲಕಂಠಸ್ವಾಮಿಗೆ ಮೂರು ಸಲ ಹೇಳಿ ಹೋದಳು. ಆ ಪುಣ್ಯಾತ್ಮ ಗುರುಮಲ್ಲಮ್ಮನಿಗೆ ಹೇಳಿದ್ದು ಇಷ್ಟೇ: "ನಾಳೆ ಆ ಚೌಕದ ಫೋಟೋ ತಗೀಬೇಕು ಕಣಮ್ಮ. ಚಾಮರಾಜನಗರಕ್ಕೆ ಓಯ್ತದೆ."

ಫೋಟೋ ಅಂದಮೇಲೆ ಕೇಳಬೇಕೆ! ಇದು ಯಾರು ಕಳೆ ಕಿತ್ತ ಹೊಲ ಅಂತ ಅಲ್ಲಿ ಯಾರಾದರೂ ಕೇಳಿದರೆ ಮಾನ ಏನಾಗಬೇಕು? ನೆಂಟರು ಬರುವ ಮುಂಚೆ ಅಂಗಳ ಗುಡಿಸಿದ ಹಾಗೆ, ಬೆಳಗಾಗುತ್ತಲೇ ಗುರುಮಲ್ಲಮ್ಮ ನಾಲ್ಕೂ ಚೌಕಗಳನ್ನು ಬೇರು ಸಮೇತ ಚೊಕ್ಕ ಮಾಡಿದಳು. ಸಿಕ್ಕ ಅಣ್ಣೆ ಸೊಪ್ಪನ್ನು ಸಾರಿಗೆ ಅಂತ ಮಡಿಲಿಗೆ ಹಾಕಿಕೊಂಡಳು, ಉಳಿದದ್ದು ಆಡಿಗಾಯಿತು. ಆಮೇಲೆ ನೀಲಕಂಠಸ್ವಾಮಿ ಬಂದು ಫೋಟೋ ಹೊಡೆದುಕೊಂಡು ಹೋದ. ಮೊಬೈಲಿನಲ್ಲೇ ಮುಳುಗಿದವನಿಗೆ ಚೌಕದಾಚೆಯ ಹೊಲ ಎಲ್ಲಿ ಕಾಣಬೇಕು?

ಮೂರನೇ ದಿನ ಅವನು ಹಲ್ಲು ಕಿರಿಯುತ್ತ ಬಂದ. "ಎರಡ್ನೇ ಕಳೆ ಬ್ಯಾಡ ಬುಡಮ್ಮ. ಕೂಲಿನೇ ಜಾಸ್ತಿ ಆಯ್ತದೆ ಅಂತ ಕಂಪ್ಯೂಟರ್ ಯೋಳ್ತದೆ."

ಹನ್ನೆರಡು ಹೆಂಗಸರಿಗೆ ಹನ್ನೆರಡು ದಿನದ ಕೆಲಸ ಅದು. ಕಂಪ್ಯೂಟರಿಗೆ ನಾಲ್ಕು ಬೈಯೋಣ ಅಂತ ಬಾಯಿ ತೆರೆದ ಗುರುಮಲ್ಲಮ್ಮನಿಗೆ ಹಗ್ಗದ ಚೌಕ ನೆನಪಾಯಿತು.

"ಆ ಮಿಷನ್ನು ನಮ್ಮ ಅನ್ನಕ್ಕೆ ಮಣ್ಣಾಕ್ತು ಕಣಕ್ಕ" ಅಂತ ಗುಂಪಿನ ಮಾದಮ್ಮ ಗೋಳಾಡಿದಾಗಲೂ ಇವಳು ತಲೆ ತಗ್ಗಿಸಿ ಕೂತಿದ್ದಳು. ಮಣ್ಣು ಹಾಕಿದ್ದು ತಾನು. ಬಾಯಿ ಬಿಟ್ಟರೆ ಕೂಲಿಗೋಸ್ಕರ ಕಥೆ ಕಟ್ಟುತ್ತಾಳೆ ಅನ್ನುತ್ತಾರೆ, ಬಿಡದಿದ್ದರೆ ಇವರೆಲ್ಲರ ಕೆಲಸ ತನ್ನಿಂದಲೇ ಹೋಯಿತು. ಎರಡು ದಿನ ಹೀಗೇ ಕಳೆದವು. ಮೂರನೇ ದಿನ ನೀಲಕಂಠಸ್ವಾಮಿಯಿಂದಲೇ ಫೋನ್ ಮಾಡಿಸಿ ಹುಡುಗಿಯನ್ನು ಕರೆಸಿದಳು.

"ನಿನ್ನ ಲೆಕ್ಕನ ನಾವು ಸಾರು ಮಾಡ್ಕೊಂಡು ಉಂಡ್ಬುಟ್ಟೊ ಕೂಸೆ," ಅಂದಳು. "ಚೌಕದ ಕಳೆನೆಲ್ಲ ನಾನೇ ಕಿತ್ಬುಟ್ಟೆ."

ಕಾವ್ಯಶ್ರೀ ಮುಖ ಸಣ್ಣದಾಯಿತು. ನೀಲಕಂಠಸ್ವಾಮಿ ಮಾತ್ರ ಸಿಡುಕಿದ: "ಕೆಲ್ಸ ಓಯ್ತು ಅಂತ ಈಗ ಇಂಗಂತೀಯಾ?"

ಆ ಮಾತು ನಾಟಿತು. ಗುರುಮಲ್ಲಮ್ಮ ಅವನನ್ನು ಚೌಕದ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಹಗ್ಗದ ಆಚೆ ಜೇಕಿನ ಹುಲ್ಲು ಮೊಣಕಾಲಿಗೆ ಬಂದಿತ್ತು, ಒಳಗೆ ಅರಿಸಿನದ ಗಿಡಗಳ ನಡುವೆ ಬರೀ ಕೆಮ್ಮಣ್ಣು. ಅವನು ಕೆಮ್ಮಿ, ಟವಲ್ಲಿನಲ್ಲಿ ಮುಖ ಒರೆಸಿಕೊಂಡ.

ಕಾವ್ಯಶ್ರೀ ಬದುವಿನ ಮೇಲೆ ಕುಕ್ಕರಿಸಿದಳು. "ಈ ಹೊಲದಲ್ಲಿ ಕಳೇನೇ ಹುಟ್ಟಲ್ಲ ಅಂದ್ಕೊಂಡ್ಬಿಡ್ತು ಅಮ್ಮ ಕಂಪ್ಯೂಟರ್."

"ಕಿತ್ತೋರು ಯಾರು ಅಂತ ಅದು ಕೇಳಾಕಿಲ್ವಾ?" ಅಂದಳು ಗುರುಮಲ್ಲಮ್ಮ.

"ಇಲ್ಲ. ಆ ಪ್ರಶ್ನೆ ನಾನು ಹಾಕೇ ಇಲ್ಲ" ಅಂದು ಹುಡುಗಿ ಪುಸ್ತಕ ತೆಗೆದು ಏನೋ ಬರೆದುಕೊಂಡಳು.

ಮೇಲಿನ ಎಕರೆಯಲ್ಲಿ ಎರಡು, ಕೆಳಗಿನ ಎಕರೆಯಲ್ಲಿ ಎರಡು, ಹೊಸ ಚೌಕ ಕಟ್ಟಿದರು. ಕಳೆ ಎಷ್ಟು ಬೇಗ ಬೆಳೆಯುತ್ತದೆ ನೋಡಬೇಕು, ಎಂಟು ದಿನ ಯಾರೂ ಮುಟ್ಟುವ ಹಾಗಿಲ್ಲ. ಅಯ್ಯೋ, ಆ ಎಂಟು ದಿನ! ಒಂದು ಚೌಕ ದಾರಿಯ ಪಕ್ಕದಲ್ಲೇ ಇತ್ತು. "ಇದು ನಿನ್ನ ಕೈ ಕಿತ್ತ ಹೊಲನಾ ಅಕ್ಕಾ?" ಅಂತ ಹೋಗಿ ಬರುವಾಗಲೆಲ್ಲ ಮಾದಮ್ಮ ಕಿಚಾಯಿಸುತ್ತಿದ್ದಳು. ಮೂವತ್ತು ವರ್ಷದಲ್ಲಿ ಗುರುಮಲ್ಲಮ್ಮನಿಗೆ ಅಷ್ಟು ಕಷ್ಟದ ಕೆಲಸ ಇನ್ನೊಂದು ಸಿಕ್ಕಿರಲಿಲ್ಲ. ಕೈ ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ದಾಟಿ ಹೋಗುತ್ತಿದ್ದಳು.

ಒಂಬತ್ತನೇ ದಿನ ಕಾವ್ಯಶ್ರೀ ಫೋಟೋ ನಂಬಿ ಕೂರದೆ ತಾನೇ ಬಂದು ಎಣಿಸಿದಳು. ಎರಡೆಲೆಯ ಮೊಳಕೆ ಯಾವುದರದ್ದು ಅಂತ ಪಕ್ಕದಲ್ಲಿ ಕೂತು ಹೇಳಿಕೊಟ್ಟವಳು ಗುರುಮಲ್ಲಮ್ಮ. ಎಣಿಕೆ ಮುಗಿದು ಲ್ಯಾಪ್‌ಟಾಪ್ ತೆರೆದಾಗ ಹೆಂಗಸರೆಲ್ಲ ಸುತ್ತ ನಿಂತರು.

"ಎಣಿಸಿದ್ದಾಯ್ತಾ?" ಅಂತ ಕೇಳಿದಳು ಗುರುಮಲ್ಲಮ್ಮ.

"ಆಯ್ತಮ್ಮ."

"ಈಗ ಕೀಳಬೋದಾ?"

"ಕೀಳಬೇಕಾ ಬೇಡ್ವಾ ಅಂತ ಅದಿನ್ನೂ ಹೇಳಿಲ್ಲ..."

ಅಷ್ಟರಲ್ಲಿ ಗುರುಮಲ್ಲಮ್ಮ ಹಗ್ಗದೊಳಗೆ ಕೂತಾಗಿತ್ತು. ಕೆಳಗಿನ ಎಕರೆಗೆ ಕಳೆ ಕೀಳಿಸಲೇಬೇಕು, ಮೇಲಿನದರಲ್ಲಿ ಕಳೆ ಕಮ್ಮಿ, ಬೇಡ ಅಂತ ನೀಲಕಂಠಸ್ವಾಮಿ ಓದಿ ಹೇಳುವಾಗ ಒಂದು ಚೌಕ ಅರ್ಧ ಖಾಲಿ. ಹನ್ನೆರಡು ದಿನದ ಕೆಲಸದಲ್ಲಿ ಆರು ದಿನ ಸಿಕ್ಕಿತು. ಹೋದ ಆರಕ್ಕೆ ಅವಳಿಗೆ ಸಂಕಟವಾಗದೆ ಇರಲಿಲ್ಲ, ಆದರೆ ಅವು ತನ್ನ ಕೈಯಿಂದ ಹೋದವಲ್ಲ. ಎಷ್ಟೋ ದಿನದ ಮೇಲೆ ಅವಳ ಬಾಯಿಗೆ ಮೊದಲಿನ ಜೋರು ಬಂತು.

"ಏನ್ ನಿಂತ್ಕೊಂಡು ನೋಡ್ತಿದ್ದೀಯೆ ಮಾದಮ್ಮ? ಆ ಕಳೆ ಕುಡ್ಲು ಕೊಡಿಲ್ಲಿ!"